ಫಾಲ್ಸ್ ಇಂಡಿಗೊ ಸೊರಗಿದರೆ ಮೊದಲು ಮಣ್ಣು ನೋಡಿ, ಆಮೇಲೆ ಎಲೆ

ಕಾಂಪೌಂಡಿನ ಪಕ್ಕದ ಪಾತಿಯಲ್ಲಿ ಹಾಕಿದ ಫಾಲ್ಸ್ ಇಂಡಿಗೊ ಸರಿಯಾಗಿ ಬರುತ್ತಿಲ್ಲ ಎಂದು ಮೈಸೂರಿನಲ್ಲಿ ಯಾರಾದರೂ ಹೇಳಿದರೆ, ಅದರ ಹಿಂದೆಯೇ ಬರುವ ಪ್ರಶ್ನೆ ಗೊಬ್ಬರದ್ದು. ಯಾವುದು ಹಾಕಲಿ, ಎಷ್ಟು ಹಾಕಲಿ? ಈ ಗಿಡದ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಬಹಳ ಸಲ ಕೇಳುವ ಅಗತ್ಯವೇ ಇರುವುದಿಲ್ಲ. ಇದು ಅವರೆ, ಹುರುಳಿಯ ಕುಟುಂಬಕ್ಕೆ ಸೇರಿದ ಗಿಡ. ಬೇರಿನ ಗಂಟುಗಳಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳ ನೆರವಿನಿಂದ ಗಾಳಿಯಲ್ಲಿರುವ ಸಾರಜನಕವನ್ನೇ ಬಳಸಿಕೊಳ್ಳುತ್ತದೆ. ಇದರ ಶಕ್ತಿಯೆಲ್ಲ ಆಳಕ್ಕಿಳಿಯುವ ತಾಯಿಬೇರಿನಲ್ಲಿ. ಎಲೆಯ ಬಣ್ಣ ಕಂಡ ತಕ್ಷಣ ಔಷಧಿ ಹೊಡೆಯುವುದಕ್ಕಿಂತ ಬುಡದ ಮಣ್ಣನ್ನು ಕೆದಕಿ ನೋಡಿದರೆ ದೋಷ ಬೇಗ ಸಿಗುತ್ತದೆ. ನಾನು ನೋಡುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಗಿಡ ಅದೇ ಹೌದೇ?

ಇದನ್ನು ಖಾತ್ರಿ ಮಾಡಿಕೊಳ್ಳದೆ ಮುಂದಿನ ಯಾವ ಪರೀಕ್ಷೆಯೂ ಉಪಯೋಗಕ್ಕೆ ಬಾರದು. ಇಲ್ಲಿ ನಾನು ಹೇಳುತ್ತಿರುವುದು ಬ್ಯಾಪ್ಟಿಸಿಯಾ ಆಸ್ಟ್ರಾಲಿಸ್ ಬಗ್ಗೆ. ಅಮೆರಿಕದ ಪೂರ್ವ ಮತ್ತು ಮಧ್ಯ ಭಾಗದ ಬಹುವಾರ್ಷಿಕ ಗಿಡ ಅದು. ಅಲ್ಲಿ ಮೂರ್ನಾಲ್ಕು ಅಡಿ ಎತ್ತರ, ಅಷ್ಟೇ ಅಗಲ ಬೆಳೆದು, ವಸಂತದಲ್ಲಿ ನೆಟ್ಟಗೆ ನಿಂತ ತೆನೆಗಳಲ್ಲಿ ನೀಲಿ ಹೂ ಬಿಡುತ್ತದೆ. ಅಲ್ಲಿನ ಬಹುವಾರ್ಷಿಕ ಸಸ್ಯಗಳ ಸಂಘ 2010ರಲ್ಲಿ ಇದನ್ನು ವರ್ಷದ ಸಸ್ಯವೆಂದು ಆರಿಸಿತ್ತು.

ಒಂದು ಎಲೆ ಕಿತ್ತು ನೋಡಿ. ಒಂದೇ ತೊಟ್ಟಿನಲ್ಲಿ ಮೂರು ಕಿರುಎಲೆಗಳಿದ್ದು, ಹಸಿರಿನಲ್ಲಿ ತುಸು ನೀಲಿ ಬೂದು ಛಾಯೆ ಇದ್ದರೆ ಬ್ಯಾಪ್ಟಿಸಿಯಾ ಇರಬಹುದು. ಕಾಯಿ ಊದಿಕೊಂಡಿರುತ್ತದೆ, ಬಲಿತಾಗ ಕಪ್ಪಾಗುತ್ತದೆ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತದೆ. ನುಗ್ಗೆಯ ಕಿರುಗರಿಯಂತೆ ದಂಟಿನ ಎರಡೂ ಕಡೆ ಸಾಲಾಗಿ ಕಿರುಎಲೆಗಳಿದ್ದರೆ ಅದು ಬೇರೆ ಗಿಡ, ಅದರ ಸಮಸ್ಯೆಯೂ ಬೇರೆ. ಅಂಥ ಎಲೆಯ ಅಮೋರ್ಫಾ ಫ್ರುಟಿಕೋಸಾ ಕೂಡ ಫಾಲ್ಸ್ ಇಂಡಿಗೊ ಹೆಸರಿನಲ್ಲೇ ಮಾರಾಟವಾಗುತ್ತದೆ. ಅದು ಆಳೆತ್ತರ ಮೀರಿ ಬೆಳೆಯುವ ಪೊದೆ, ಎರಡಡಿ ಅಗಲದ ಪಾತಿಗೆ ಹೊಂದುವುದೇ ಇಲ್ಲ. ನಮ್ಮ ಬಯಲುಗಳಲ್ಲಿ ತಾನಾಗಿಯೇ ಹುಟ್ಟುವ ಕೊಗ್ಗಿಯದ್ದೂ, ಅಂದರೆ ಶರಪುಂಖದ್ದೂ, ಇದೇ ಬಗೆಯ ಎಲೆ. ಅದನ್ನು ಗುರುತಿಸುವುದು ಸುಲಭ. ಕಿರುಎಲೆಯ ತುದಿ ಹಿಡಿದು ಎಳೆದರೆ ಬಾಣದ ಹಿಂಬದಿಯಂತೆ ಓರೆಯಾಗಿ ಹರಿಯುತ್ತದೆ. ಬಣ್ಣ ತೆಗೆಯುವ ನಿಜವಾದ ನೀಲಿ ಗಿಡಕ್ಕೂ ಸಾಲು ಎಲೆಯೇ, ಆದರೆ ಹೂ ಚಿಕ್ಕದು, ಗುಲಾಬಿ ಛಾಯೆಯದು. ಇವೆರಡೂ ನಮ್ಮ ಬಿಸಿಲಿಗೆ ಒಗ್ಗಿದವು. ಚಳಿ ಸಾಲದ್ದರಿಂದ ಹೂ ಬಿಡಲಿಲ್ಲ ಎಂಬ ತೊಂದರೆ ಅವಕ್ಕಿಲ್ಲ.

ಬೀಜ ಮೊಳೆಯದಿದ್ದರೆ

ಬೀಜದ ಸಿಪ್ಪೆ ಗಟ್ಟಿ. ಹಾಗೇ ಮಣ್ಣಿಗೆ ಹಾಕಿದರೆ ನೀರು ಒಳಗಿಳಿಯದೆ ತಿಂಗಳುಗಟ್ಟಲೆ ಕಲ್ಲಿನಂತೆ ಬಿದ್ದಿರುತ್ತದೆ. ಬಿತ್ತಿದ್ದನ್ನು ಕೆದಕಿ ಒಂದೆರಡು ಬೀಜ ಎತ್ತಿ ಉಗುರಿನಿಂದ ಒತ್ತಿ. ಗಟ್ಟಿಯಾಗಿಯೇ ಇದ್ದರೆ ಬೀಜ ಕೆಟ್ಟಿಲ್ಲ, ನೀರು ಕುಡಿದಿಲ್ಲ ಅಷ್ಟೆ. ಮೆತ್ತಗಾಗಿ ಹಿಸುಕಿದಂತಾದರೆ ಕೊಳೆತಿದೆ, ಹೊಸ ಬೀಜವೇ ಬೇಕು.

ಗಟ್ಟಿ ಬೀಜವನ್ನು ಮರಳುಕಾಗದದ ಮೇಲೆ ಮೇಲ್ಪದರ ಮಾಸುವಷ್ಟು ಮಾತ್ರ ಉಜ್ಜಿ. ಕುದಿ ಇಳಿದ ಬಿಸಿ ನೀರು ಸುರಿದು ರಾತ್ರಿಯಿಡೀ ನೆನೆಯಲು ಬಿಡಿ. ಬೆಳಿಗ್ಗೆ ಉಬ್ಬಿದವನ್ನು ಬೇರೆ ಮಾಡಿ, ಉಬ್ಬದೆ ಉಳಿದವನ್ನು ಮತ್ತೊಮ್ಮೆ ಉಜ್ಜಿ ನೆನೆಸಬೇಕು. ಉಬ್ಬಿದ ಬೀಜವನ್ನು ಹಸಿ ಮರಳಿನೊಂದಿಗೆ ಬೆರೆಸಿ, ಕವರಿನಲ್ಲಿ ಕಟ್ಟಿ, ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ನಾಲ್ಕರಿಂದ ಆರು ವಾರ ಇಟ್ಟರೆ ಮೊಳಕೆ ಒಟ್ಟಿಗೆ ಬರುತ್ತದೆ. ಫ್ರೀಜರಿನಲ್ಲಿ ಇಡಬೇಡಿ. ನೀರು ಕುಡಿದ ಬೀಜ ಅಲ್ಲಿ ಒಡೆದುಹೋಗುತ್ತದೆ.

ಬಿತ್ತಲು ನಮ್ಮಲ್ಲಿ ಒಳ್ಳೆಯ ಕಾಲ ಚಿತ್ತಾ, ಸ್ವಾತಿ ಮಳೆ ಕಳೆದ ಮೇಲೆ, ನವೆಂಬರಿನಲ್ಲಿ. ಸಸಿಗೆ ತಂಪಿನ ದಿನಗಳು ಸಿಗುತ್ತವೆ, ಬುಡ ಕೊಳೆಯುವ ಭಯವೂ ಕಡಿಮೆ. ಅಗಲ ಟ್ರೇ ಬೇಡ. ತಾಯಿಬೇರು ನೇರವಾಗಿ ಇಳಿಯುವಂತೆ ಒಂದಡಿ ಉದ್ದದ ನರ್ಸರಿ ಚೀಲದಲ್ಲೇ ಬಿತ್ತಿ. ಮೊದಲ ವರ್ಷ ಮೇಲೆ ಒಂದೇ ಒಂದು ಸಣ್ಣ ಕಡ್ಡಿ ಕಂಡರೆ ಗಾಬರಿಯಾಗಬೇಕಿಲ್ಲ. ಆಗ ಗಿಡ ಬೇರು ಕಟ್ಟುತ್ತಿರುತ್ತದೆ.

ಎಲೆ ಹಳದಿಯಾದರೆ

ಮೈಸೂರು, ಮಂಡ್ಯದಲ್ಲಿ ನಾನು ಅತಿ ಹೆಚ್ಚು ನೋಡಿರುವ ದೋಷ ಇದು. ಯಾವ ಎಲೆ ಹಳದಿಯಾಗಿದೆ ಎಂಬುದರಲ್ಲೇ ಅರ್ಧ ಉತ್ತರವಿದೆ.

ತುದಿಯ ಹೊಸ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ ಎಂದರ್ಥ. ನಮ್ಮ ಕೆಂಪು ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ, ಮಣ್ಣಿನ ಕೆಂಪೇ ಅದರಿಂದ. ಆದರೆ ಮಣ್ಣು ಕ್ಷಾರವಾದರೆ ಆ ಕಬ್ಬಿಣ ಕರಗುವುದಿಲ್ಲ, ಬೇರು ಹೀರಲಾರದು. ಬ್ಯಾಪ್ಟಿಸಿಯಾ ತುಸು ಆಮ್ಲೀಯ ಅಥವಾ ತಟಸ್ಥ ಮಣ್ಣನ್ನು ಇಷ್ಟಪಡುವ ಗಿಡ. ರಸಸಾರ, ಅಂದರೆ ಪಿಎಚ್, 5.5ರಿಂದ 7ರೊಳಗಿದ್ದರೆ ನೆಮ್ಮದಿ.

ಹಾಗಾದರೆ ಮನೆಯಂಗಳದ ಮಣ್ಣು ಕ್ಷಾರವಾಗುವುದು ಹೇಗೆ? ಕಾಂಪೌಂಡು ಕಟ್ಟಿದವರು ಉಳಿದ ಗಾರೆ, ಸಿಮೆಂಟಿನ ಹೆಂಟೆ, ಸುಣ್ಣದ ಚಕ್ಕೆ, ಜಲ್ಲಿಪುಡಿ ಎಲ್ಲವನ್ನೂ ಗೋಡೆಯ ಬುಡಕ್ಕೇ ತಳ್ಳಿ, ಮೇಲೆ ಅರ್ಧ ಅಡಿ ಒಳ್ಳೆ ಮಣ್ಣು ಹರಡಿ ಹೋಗಿರುತ್ತಾರೆ. ಬೋಗಾದಿ, ವಿಜಯನಗರದಂಥ ಬಡಾವಣೆಗಳಲ್ಲಿ ಪಾತಿಯಲ್ಲಿ ಹಾರೆ ಇಳಿಸಿದರೆ ಒಂದಡಿಯೊಳಗೆ ಠಣ್ ಎಂದು ಕಲ್ಲುಗಾರೆ ಸಿಗುವುದು ಬಹಳ ಕಡೆ. ಬೇರು ಮೇಲ್ಮಣ್ಣಿನಲ್ಲಿರುವ ಚೆಂಡು ಹೂ, ಸೇವಂತಿಗೆಗೆ ಇದು ತಿಳಿಯುವುದೇ ಇಲ್ಲ. ತಾಯಿಬೇರಿನ ಈ ಗಿಡಕ್ಕೆ ಎರಡನೆಯ ವರ್ಷಕ್ಕೇ ತಟ್ಟುತ್ತದೆ. ಮೊದಲ ವರ್ಷ ಚೆನ್ನಾಗಿದ್ದು ಎರಡನೆಯ ವರ್ಷ ಹಳದಿಯಾಯಿತು ಎಂದು ಯಾರಾದರೂ ಹೇಳಿದರೆ ನನ್ನ ಅನುಮಾನ ಮೊದಲು ಹೋಗುವುದು ಗಾರೆಯ ಕಡೆಗೆ.

ಪರೀಕ್ಷೆ ಸುಲಭ. ಗಿಡದಿಂದ ಒಂದಡಿ ದೂರದಲ್ಲಿ, ಒಂದೂವರೆ ಅಡಿ ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಒಣಗಿಸಿ, ಅದರ ಮೇಲೆ ಅಡುಗೆಮನೆಯ ವಿನೆಗರ್ ಹಾಕಿ. ಬುರುಬುರು ನೊರೆ ಬಂದರೆ ಸುಣ್ಣದ ಅಂಶ ಇದೆ. ನೊರೆ ಬಾರದಿದ್ದರೆ ಮುಂದಿನ ಅನುಮಾನ ನೀರಿನ ಮೇಲೆ. ಕಾವೇರಿ ನೀರು ಬಿಡುವ ಮನೆಗೂ ಬರೀ ಬೋರ್‌ವೆಲ್ ನೀರು ಹಾಕುವ ಮನೆಗೂ ವ್ಯತ್ಯಾಸ ಕಾಣುತ್ತದೆ. ಬಕೆಟ್ಟಿನಲ್ಲಿ, ಕುಂಡದ ಅಂಚಿನಲ್ಲಿ ಬಿಳಿ ಪರೆ ಕಟ್ಟುತ್ತಿದ್ದರೆ ಅದೇ ಗಡಸು ನೀರು ನಿಮ್ಮ ಮಣ್ಣನ್ನೂ ನಿಧಾನವಾಗಿ ಕ್ಷಾರ ಮಾಡುತ್ತಿರುತ್ತದೆ. ಅಂಕಿ ಬೇಕೆನ್ನುವವರು ಮಂಡ್ಯದ ವಿ.ಸಿ. ಫಾರಂನಲ್ಲಿ ಅಥವಾ ಸುತ್ತೂರಿನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಬಹುದು.

ತಾತ್ಕಾಲಿಕವಾಗಿ, 1 ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದರೆ ಹೊಸ ಎಲೆಗೆ ಹಸಿರು ಮರಳುತ್ತದೆ. ಟೈಲ್ಸಿನ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಪಾನ. ಇದು ರೋಗಕ್ಕಲ್ಲ, ರೋಗದ ಗುರುತಿಗೆ ಮಾತ್ರ ಮದ್ದು. ನಿಜವಾದ ಪರಿಹಾರ ಗಾರೆಯನ್ನು ಅಗೆದು ತೆಗೆಯುವುದು. ಎರಡಡಿ ಆಳ, ಗೋಡೆಯಿಂದ ಒಂದೂವರೆ ಅಡಿ ಆಚೆಗೆ ಗುಂಡಿ ತೋಡಿ, ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರ ತುಂಬಿ ಹೊಸ ಸಸಿ ಹಾಕಬೇಕು. ಹಳೆಯ ಗಿಡವನ್ನೇ ಕಿತ್ತು ನೆಡುತ್ತೇನೆಂದರೆ ಬಹುತೇಕ ಕಳೆದುಕೊಳ್ಳುತ್ತೀರಿ. ತಾಯಿಬೇರು ತುಂಡಾದರೆ ಈ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಎರಡು ವರ್ಷ ಸಾಕಿದ ಗಿಡವನ್ನು ಬಿಟ್ಟುಕೊಡುವ ಸಂಕಟ ನನಗೂ ಗೊತ್ತು. ಆದರೂ ಗಾರೆಯ ಮೇಲೆ ಕೂತ ಗಿಡಕ್ಕೆ ವರ್ಷವೆಲ್ಲ ಸಿಂಪಡಿಸುವುದಕ್ಕಿಂತ ಹೊಸ ಸಸಿಯೇ ಒಳ್ಳೆಯದು.

ಹೊಸ ಎಲೆ ಚೆನ್ನಾಗಿದ್ದು ಕೆಳಗಿನ ಹಳೆಯ ಎಲೆಗಳು ಹಳದಿಯಾಗುತ್ತಿದ್ದರೆ ಸಾರಜನಕದ ಕೊರತೆ. ಅಂದರೆ ಬೇರುಗಂಟುಗಳು ಕೆಲಸ ಮಾಡುತ್ತಿಲ್ಲ. ಬುಡದ ಪಕ್ಕದಲ್ಲಿ ಮೆಲ್ಲಗೆ ಕೆದಕಿ ಕಿರುಬೇರುಗಳನ್ನು ನೋಡಿ. ಬೇರಿನ ಪಕ್ಕಕ್ಕೆ ಅಂಟಿಕೊಂಡ, ಬೆರಳಲ್ಲಿ ಉಜ್ಜಿದರೆ ಉದುರುವ ಗಂಟು ಒಳ್ಳೆಯದು. ಅದನ್ನು ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಸಾರಜನಕ ಕಟ್ಟುತ್ತಿದೆ, ಬಿಳಿಯಾಗಿದ್ದರೆ ಇನ್ನೂ ಶುರುವಾಗಿಲ್ಲ. ಬೇರೇ ಊದಿಕೊಂಡು ಗಂಟಾಗಿದ್ದು, ಉಜ್ಜಿದರೂ ಬಿಡದಿದ್ದರೆ ಅದು ಜಂತುಹುಳುವಿನ ಗಂಟು. ಟೊಮೆಟೊ, ಬದನೆ ಬೆಳೆದ ಪಾತಿಗಳಲ್ಲಿ ಇದು ಸಾಮಾನ್ಯ. ಈ ಎರಡು ಗಂಟುಗಳನ್ನು ಒಂದಕ್ಕೊಂದು ಅದಲುಬದಲು ಮಾಡಿಕೊಂಡು ಒಳ್ಳೆಯ ಗಿಡವನ್ನು ಕಿತ್ತೆಸೆದವರಿದ್ದಾರೆ. ಜಂತುಹುಳು ಖಚಿತವಾದರೆ ಗಿಡವನ್ನು ಬೇರುಸಹಿತ ತೆಗೆದು, ಒಂದು ಹಂಗಾಮು ಆ ಜಾಗದಲ್ಲಿ ದಟ್ಟವಾಗಿ ಚೆಂಡು ಹೂವನ್ನೇ ಬೆಳೆಯಿರಿ.

ಮೇಲಿನದೂ ಕೆಳಗಿನದೂ ಒಟ್ಟಿಗೆ ಹಳದಿಯಾಗಿ, ಮಣ್ಣು ಹಸಿಯಿದ್ದರೂ ಎಲೆ ಜೋತುಬಿದ್ದರೆ ಬೇರಿಗೆ ಉಸಿರು ಕಟ್ಟಿದೆ. ಮಂಡ್ಯದ ಕಡೆ ಇದು ಹೆಚ್ಚು. ವಿಶ್ವೇಶ್ವರಯ್ಯ ನಾಲೆಯ ಅಚ್ಚುಕಟ್ಟಿನ ಊರೊಂದರಲ್ಲಿ ಒಬ್ಬರು ಹೇಳಿದ ಮಾತು ಹೀಗಿತ್ತು: “ನಾಲೆಗೆ ನೀರು ಬುಟ್ಟ ಮೇಲೆ ನಮ್ಮ ಹಿತ್ಲಲ್ಲಿ ಒಂದಡಿ ಅಗದ್ರೂ ನೀರೇ ಕಣಕ್ಕ.” ಅಂಥ ಹಿತ್ತಲಿಗೆ ನೆಲದ ಮಟ್ಟದ ಪಾತಿ ಆಗದು. ಕಲ್ಲು ಕಟ್ಟಿ ಒಂದೂವರೆ, ಎರಡಡಿ ಎತ್ತರದ ಮಡಿ ಮಾಡಿಯೇ ನೆಡಬೇಕು. ಮೇಲ್ಮೈಯಲ್ಲಿ ಬಿಳಿ ಉಪ್ಪು ಕಾಣುವ ಚೌಳು ಮಣ್ಣಾದರೆ ಈ ಗಿಡದ ಆಸೆಯನ್ನೇ ಬಿಡುವುದು ಲೇಸು.

ನೀರು ಬಸಿಯುತ್ತದೆಯೇ ಎಂದು ತಿಳಿಯಲು ಒಂದಡಿ ಆಳದ ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಇನ್ನೊಮ್ಮೆ ತುಂಬಿ ಗಡಿಯಾರ ನೋಡಿ. ಎರಡನೆಯ ಸಲದ ನೀರು ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ಗೋಡೆಯಿಂದ ಹೊರಟ ಮಳೆನೀರಿನ ಪೈಪು, ಪಾತ್ರೆ ತೊಳೆದ ನೀರಿನ ಕೊಳವೆ ಪಾತಿಗೇ ಬಿಟ್ಟಿದ್ದಾರೆಯೇ ಎಂಬುದನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಿ.

ಒಮ್ಮೆಲೇ ಬಾಡಿದರೆ

ನಿನ್ನೆ ಚೆನ್ನಾಗಿದ್ದ ಗಿಡ ಇಂದು ಬಾಡಿದ್ದರೆ ಬುಡ ಹಿಡಿದು ಮೆಲ್ಲಗೆ ಎಳೆದು ನೋಡಿ. ಸಲೀಸಾಗಿ ಕೈಗೆ ಬಂದು, ಬೇರಿನ ಸಿಪ್ಪೆ ಕೆರೆದಂತಾಗಿ ಮಣ್ಣು ಮೆತ್ತಿಕೊಂಡಿದ್ದರೆ ಗೆದ್ದಲು. ಬೇಸಿಗೆಯ ಕೆಂಪು ಮಣ್ಣಿನಲ್ಲಿ ಅದರ ಕಾಟ ಇದ್ದದ್ದೇ. ಅರೆ ಕಳಿತ ಸಗಣಿ ಗೊಬ್ಬರ, ತೆಂಗಿನ ನಾರು, ಮರದ ಚಕ್ಕೆ ಬುಡಕ್ಕೆ ಹಾಕಿದ್ದರೆ ಕರೆದು ಕೂರಿಸಿದಂತೆ. ಪೂರ್ತಿ ಕಳಿತ ಗೊಬ್ಬರ, ಬೇವಿನ ಹಿಂಡಿ ಮಾತ್ರ ಬಳಸಿ. ಬೇರು ಕಪ್ಪಗೆ, ಮೆತ್ತಗೆ ಆಗಿ ಕೆಟ್ಟ ವಾಸನೆ ಬಂದರೆ ಕೊಳೆರೋಗ. ಮೇಲೆ ಹೇಳಿದ ನೀರು ಬಸಿಯುವ ಪರೀಕ್ಷೆಗೇ ಹಿಂದಿರುಗಬೇಕು. ಬೇರು ಗಟ್ಟಿಯಾಗಿದ್ದು, ಮಧ್ಯಾಹ್ನ ಬಾಡಿ ರಾತ್ರಿ ಚೇತರಿಸಿದರೆ ಏಪ್ರಿಲಿನ ಬಿಸಿಲು ಮತ್ತು ಗೋಡೆಯಿಂದ ಹೊಮ್ಮುವ ಕಾವು ಕಾರಣ. ಪಶ್ಚಿಮದ ಬಿಸಿಲು ಬಡಿಯುವ ಗೋಡೆಯ ಪಕ್ಕ ಇದನ್ನು ನೆಡದಿರುವುದೇ ಪರಿಹಾರ. ಪೂರ್ವಕ್ಕೆ ತೆರೆದ ಪಾತಿ ಮೇಲು.

ಕೀಟಗಳ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಬೇಸಿಗೆಯಲ್ಲಿ ಎಲೆಯಡಿ ಸಣ್ಣ ಬಲೆ, ಮೇಲೆ ಚುಕ್ಕೆ ಕಂಡರೆ ಕೆಂಪು ನುಸಿ, ಎಲೆಯಡಿಗೆ ಜೋರಾಗಿ ನೀರು ಹೊಡೆದರೆ ತಗ್ಗುತ್ತದೆ. ಹಿಟ್ಟು ತಿಗಣೆಗೆ ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಹೊಡೆಯಿರಿ. ಇರುವೆ ಸಾಲು ಕಂಡಲ್ಲಿ ತಿಗಣೆಯನ್ನು ಹುಡುಕಿ.

ಗಿಡ ಸೀಳಿಕೊಂಡು ಮಲಗಿದರೆ

ಕಾರಣ ಹೆಚ್ಚುಕಡಿಮೆ ಯಾವಾಗಲೂ ನೆರಳು ಅಥವಾ ಗೊಬ್ಬರ. ಪಕ್ಕದ ಮಾವು, ತೆಂಗಿನ ನೆರಳಿನಲ್ಲಿ ಬೆಳಕು ಹುಡುಕುತ್ತ ಕಡ್ಡಿ ಉದ್ದವಾಗುತ್ತದೆ. ಯೂರಿಯಾ, ಕೋಳಿಗೊಬ್ಬರ ಸಿಕ್ಕಿದರೆ ರಸತುಂಬಿ ಭಾರವಾಗುತ್ತದೆ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕು. ಆಸರೆಗೆ ಬಿದಿರ ಕಡ್ಡಿ ನೆಟ್ಟು ಸುತ್ತ ದಾರ ಕಟ್ಟಬಹುದು, ಮೂರನೆಯ ಒಂದು ಭಾಗ ಸವರಿದರೂ ಗಿಡ ಗುಂಪಾಗಿ ನಿಲ್ಲುತ್ತದೆ.

ಸವರಿದ ಸೊಪ್ಪನ್ನು ಹಸುವಿಗೆ, ಮೇಕೆಗೆ ಹಾಕಬೇಡಿ, ಬೀದಿಗೂ ಎಸೆಯಬೇಡಿ. ಇದರಲ್ಲಿ ಸೈಟಿಸಿನ್ ಎಂಬ ವಿಷವಿದೆ. ಅವರೆ ಗಿಡದ ಜಾತಿಯದೇ ಎಂದು ಕಾಯನ್ನು ಮಕ್ಕಳು ಬಾಯಿಗಿಡದಂತೆಯೂ ನೋಡಿಕೊಳ್ಳಬೇಕು. ಬೀದಿ ಹಸುಗಳು ಗೇಟಿನವರೆಗೂ ಬರುವ ನಮ್ಮ ಊರಿನಲ್ಲಿ ಇದನ್ನು ಒತ್ತಿ ಹೇಳಲೇಬೇಕು.

ಎಲ್ಲ ಸರಿಯಿದ್ದೂ ಹೂ ಬಾರದಿದ್ದರೆ

ಮೊದಲು ಗಿಡದ ವಯಸ್ಸು. ಬೀಜದಿಂದ ಬಂದ ಗಿಡ ತನ್ನ ತವರಿನಲ್ಲೇ ಮೂರನೆಯ ವರ್ಷಕ್ಕೆ ಮುಂಚೆ ಹೂ ಬಿಡುವುದು ಅಪರೂಪ, ಕೆಲವು ಇನ್ನೂ ತಡ. ವಯಸ್ಸಾಗಿದ್ದರೆ ಬಿಸಿಲು, ಅದೂ ಸರಿಯಿದ್ದರೆ ಗೊಬ್ಬರ. ಎಲೆ ಕಡುಹಸಿರಾಗಿ ಸೊಂಪಾಗಿದ್ದು ಮೊಗ್ಗಿಲ್ಲದಿದ್ದರೆ ಸಾರಜನಕ ಅತಿಯಾಗಿದೆ. ಗೊಬ್ಬರ ಒಂದು ವರ್ಷ ಪೂರ್ತಿ ನಿಲ್ಲಿಸಿ.

ಈ ಮೂರೂ ಸರಿಯಿದ್ದು, ನಾಲ್ಕನೆಯ, ಐದನೆಯ ವರ್ಷಕ್ಕೂ ಹೂವಿಲ್ಲವೆಂದರೆ ಉಳಿಯುವುದು ಚಳಿ. ಇದನ್ನು ನೇರವಾಗಿ ಹೇಳಿಬಿಡಬೇಕು, ಏಕೆಂದರೆ ಬೀಜದ ಪೊಟ್ಟಣ ಹೇಳುವುದಿಲ್ಲ. ತವರಿನಲ್ಲಿ ಚಳಿಗಾಲಕ್ಕೆ ಈ ಗಿಡದ ಮೇಲ್ಭಾಗ ಪೂರ್ತಿ ಸತ್ತು, ಬೇರು ತಿಂಗಳುಗಟ್ಟಲೆ ತಣ್ಣನೆಯ ನೆಲದಲ್ಲಿ ನಿದ್ರಿಸುತ್ತದೆ. ಆ ನಿದ್ರೆಯಿಂದ ಏಳುವ ದಪ್ಪ ಚಿಗುರಿನಲ್ಲೇ ಹೂತೆನೆ ಬರುವುದು. ಅಲ್ಲಿನ ತೋಟಗಾರರು ಇದನ್ನು ಶಿಫಾರಸು ಮಾಡುವುದೇ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವ ವಲಯಗಳಿಗೆ. ಊಟಿಯಲ್ಲಿ ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತದೆ. ಮೈಸೂರಿನಲ್ಲಿ ಅದೇ ಬೆಳಗ್ಗೆ ಸಾಮಾನ್ಯವಾಗಿ 15ರಿಂದ 17 ಡಿಗ್ರಿ ಇರುತ್ತದೆ, ಮಧ್ಯಾಹ್ನ ಮತ್ತೆ ಬಿಸಿಲು. ಹೀಗಾಗಿ ಇಲ್ಲಿನ ಗಿಡ ಪೂರ್ತಿ ಮಲಗುವುದೂ ಇಲ್ಲ, ಪೂರ್ತಿ ಏಳುವುದೂ ಇಲ್ಲ.

ಬುಡಕ್ಕೆ ಐಸ್ ಸುರಿಯುವ ಸಲಹೆಯನ್ನು ಕೇಳಿರಬಹುದು. ಮೇಲಿನ ಮಣ್ಣು ಗಂಟೆ ಹೊತ್ತು ತಂಪಾದರೆ ಆಳದ ಬೇರಿಗೆ ತಿಂಗಳುಗಳ ಚಳಿ ಸಿಗುವುದಿಲ್ಲ. ಮಾಡಬಹುದಾದ್ದು ಇಷ್ಟು: ಡಿಸೆಂಬರ್ ಹೊತ್ತಿಗೆ ನೀರು ಬಹಳ ಕಡಿಮೆ ಮಾಡಿ, ಕಡ್ಡಿಗಳನ್ನು ಮೂರು ಇಂಚಿಗೆ ಕತ್ತರಿಸಿ, ಜನವರಿ ಮುಗಿಯುವವರೆಗೆ ಗಿಡಕ್ಕೆ ಬಲವಂತದ ಬಿಡುವು ಕೊಡಿ. ಆಮೇಲೆ ನೀರು ಕೊಟ್ಟಾಗ ಚಿಗುರು ಒಟ್ಟಿಗೆ ಬರಬಹುದು. ಹೂ ಬಂದರೆ ಸಂತೋಷ, ಅದನ್ನೇ ನಂಬಿ ಪಾತಿಯ ನಡುವಿನ ಜಾಗವನ್ನೆಲ್ಲ ಇದಕ್ಕೆ ಕೊಡಬೇಡಿ. ಹೂವಿಲ್ಲದೆಯೂ ಆ ನೀಲಿಬೂದು ಎಲೆ ದಾಸವಾಳದ ಕಡುಹಸಿರಿನ ಮುಂದೆ ಚೆಂದ ಕಾಣುತ್ತದೆ. ಇಷ್ಟಕ್ಕೇ ತೃಪ್ತಿಯಿರುವವರು ಗಿಡವನ್ನು ಉಳಿಸಿಕೊಳ್ಳಲಿ.

ನೀಲಿ ಹೂವೇ ಬೇಕೆನ್ನುವವರಿಗೆ ನಮ್ಮ ಹವೆಗೆ ಒಗ್ಗುವ ಗಿಡಗಳಿವೆ. ಪೊದೆಯಾಗಿ ಬೇಕಾದರೆ ಥನ್‌ಬರ್ಜಿಯಾ ಎರೆಕ್ಟಾ ಅಥವಾ ನೀಲಿ ಪ್ಲಂಬಾಗೊ, ನೆಟ್ಟಗಿನ ತೆನೆಯೇ ಬೇಕಾದರೆ ನೀಲಿ ಸಾಲ್ವಿಯಾ. ಅವರೆಯ ಕುಟುಂಬದ್ದೇ ಆಗಬೇಕೆಂದರೆ ಬಿದಿರ ತಡಿಕೆಗೆ ಶಂಖಪುಷ್ಪ ಹಬ್ಬಿಸಿ, ಮುಂದಿನ ಸಾಲಿಗೆ ಕೊಗ್ಗಿ ಹಾಕಬಹುದು. ಕೊಗ್ಗಿಯ ಹೂ ನೇರಳೆ ಗುಲಾಬಿ, ಅಚ್ಚ ನೀಲಿಯಲ್ಲ, ಆದರೆ ಬಿಸಿಲಿಗೂ ಬರಗಾಲಕ್ಕೂ ಜಗ್ಗದ ಗಿಡ. ಅದರ ತಾಯಿಬೇರೂ ಆಳದ್ದೇ. ಆದ್ದರಿಂದ ಏನನ್ನೇ ನೆಡುವುದಿದ್ದರೂ ಬ್ಯಾಪ್ಟಿಸಿಯಾ ತೆಗೆದ ಗುಂಡಿಯಲ್ಲಿ ವಿನೆಗರ್ ಪರೀಕ್ಷೆಯನ್ನೂ ನೀರು ಬಸಿಯುವ ಪರೀಕ್ಷೆಯನ್ನೂ ಮಾಡಿ, ಗಾರೆ ಸಿಕ್ಕರೆ ತೆಗೆಸಿ, ಆಮೇಲೆ ನೆಡಿ.